ಎಣ್ಣೆಗೆ ಗುಹೆ ಕೊರೆದಿರಿ, ನಮಗೊಂದು ಫೋನ್ ನಂಬರ್ ಕೊಡಿ

ಮಾನ್ಯ ಮುಖ್ಯಮಂತ್ರಿಗಳೇ,

ನಾನು ಉಡುಪಿ ಜಿಲ್ಲೆಯ ಶಿರ್ವದ ಕಡೆಯವನು. ಸೌದಿ ಅರೇಬಿಯಾದ ಜುಬೈಲಿನಲ್ಲಿ 17 ವರ್ಷ ಪೈಪಿಂಗ್ ಕೆಲಸ ಮಾಡಿದೆ, ಕೊನೆಯ 9 ವರ್ಷ ಫೋರ್‌ಮನ್ ಆಗಿ. 2020ರ ಜೂನ್‌ನಲ್ಲಿ ಕೆಲಸ ಹೋಯಿತು. ಆಗ ನನಗೆ 51. ಅನಿವಾಸಿ ಭಾರತೀಯ ಸಮಿತಿಗೆ ಮುಖ್ಯಮಂತ್ರಿಗಳೇ ಅಧ್ಯಕ್ಷರು, ಹಾಗಾಗಿ ಈ ಪತ್ರ ನಿಮಗೆ. ಲಕೋಟೆಯಲ್ಲಿ ಹಾಕಿ ಕಳಿಸದೆ ಎಲ್ಲರ ಮುಂದೆ ಇಡುವುದಕ್ಕೆ ಕಾರಣ ಇದೆ. ಗಲ್ಫ್‌ನಲ್ಲಿರುವ ನಮ್ಮ ಹುಡುಗರು ಇದನ್ನು ಓದಬೇಕು. ಅವರಿಗಿಂತ ಮೊದಲು ಅವರ ಮನೆಯವರು ಓದಬೇಕು.

ನಮ್ಮ ಮನೆಯಿಂದ ಪಾದೂರು ದೂರ ಇಲ್ಲ. ಅಲ್ಲಿ ನೆಲದ ಅಡಿಯಲ್ಲಿ ಬಂಡೆ ಕೊರೆದು ದೊಡ್ಡ ದೊಡ್ಡ ಗುಹೆ ಮಾಡಿದ್ದಾರೆ, ಕಚ್ಚಾ ಎಣ್ಣೆ ತುಂಬಿಸಿಡಲು. 25 ಲಕ್ಷ ಟನ್ ಹಿಡಿಯುತ್ತದೆ. ಮಂಗಳೂರಿನಲ್ಲಿ ಇನ್ನೊಂದಿದೆ, ಅದಕ್ಕೆ 15 ಲಕ್ಷ ಟನ್. ಬಂಡೆ ಒಡೆಯುವ ದಿನಗಳಲ್ಲಿ ಕಪಾಟಿನ ಸ್ಟೀಲ್ ಲೋಟಗಳೆಲ್ಲ ಕಿಣಿಕಿಣಿ ಅನ್ನುತ್ತವೆ ಅಂತ ಚಿಕ್ಕಮ್ಮ ಫೋನಿನಲ್ಲಿ ಹೇಳುತ್ತಿದ್ದರು. ನಾನು ಜುಬೈಲಿನಲ್ಲಿ ಕೂತು ನಗುತ್ತಿದ್ದೆ. "ನಾವು ಇಲ್ಲಿ ತೆಗೆಯೋದು, ನೀವು ಅಲ್ಲಿ ಹೂಳೋದು ಚಿಕ್ಕಮ್ಮ, ಇಷ್ಟೇ ಪ್ರಪಂಚ" ಅನ್ನುತ್ತಿದ್ದೆ.

2020ರ ಏಪ್ರಿಲ್‌ನಲ್ಲಿ ಎಣ್ಣೆ ಬೆಲೆ ನೆಲ ಕಚ್ಚಿತು. ಮಾರ್ಚ್‌ನಲ್ಲಿ ಸೌದಿಗೂ ರಷ್ಯಾಕ್ಕೂ ಉತ್ಪಾದನೆಯ ಮಾತುಕತೆ ಮುರಿದಿತ್ತು, ಅದರ ಮೇಲೆ ಕೊರೊನಾ. ಏಪ್ರಿಲ್ 20ರಂದು ಅಮೆರಿಕದ ಎಣ್ಣೆಯ ವಾಯಿದೆ ಬೆಲೆ (ಮುಂದೆ ಕೊಡುವ ಮಾಲಿಗೆ ಮೊದಲೇ ಒಪ್ಪಿಕೊಳ್ಳುವ ಬೆಲೆ) ಸೊನ್ನೆಗಿಂತಲೂ ಕೆಳಗಿಳಿದು ಮೈನಸ್ 37 ಡಾಲರ್ ದಾಟಿತು. ಎಣ್ಣೆ ತಗೊಂಡು ಹೋಗಿ, ಮೇಲೆ ನಾವೇ ದುಡ್ಡು ಕೊಡುತ್ತೇವೆ ಅನ್ನುವ ಸ್ಥಿತಿ. ಕೇಂದ್ರ ಸರ್ಕಾರ ಜಾಣತನ ಮಾಡಿತು. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಪಾದೂರು, ಮಂಗಳೂರು, ವಿಶಾಖಪಟ್ಟಣದ ಗುಹೆಗಳನ್ನೆಲ್ಲ ತುಂಬಿಸಿಕೊಂಡಿತು. ಸರಾಸರಿ ಬ್ಯಾರೆಲ್‌ಗೆ 19 ಡಾಲರ್‌ನಂತೆ. ದೇಶಕ್ಕೆ 5,000 ಕೋಟಿ ರೂಪಾಯಿಗೂ ಜಾಸ್ತಿ ಉಳಿಯಿತು ಅಂತ ಆಮೇಲೆ ಸಂಸತ್ತಿನಲ್ಲಿ ಹೇಳಿದರು. ಒಳ್ಳೆಯ ಕೆಲಸ. ಅದರಲ್ಲಿ ನನಗೆ ತಕರಾರಿಲ್ಲ. (ಅಗ್ಗದ ಎಣ್ಣೆಯಿಂದ ಜನರಿಗೆ ಪೆಟ್ರೋಲ್ ಅಗ್ಗ ಆಯಿತಾ ಅಂದರೆ ಇಲ್ಲ. ಅದೇ ಮೇ ತಿಂಗಳಲ್ಲಿ ಪೆಟ್ರೋಲಿಗೆ ಲೀಟರಿಗೆ 10 ರೂಪಾಯಿ, ಡೀಸೆಲಿಗೆ 13 ರೂಪಾಯಿ ಸುಂಕ ಏರಿಸಿದರು. ಅದು ಬೇರೆ ಕಥೆ, ಬಿಡಿ.)

ಅದೇ ಮೇ 12ರಂದು ದುಬೈಯಿಂದ ಮಂಗಳೂರಿಗೆ ಮೊದಲ ವಂದೇ ಭಾರತ್ ವಿಮಾನ, ಅಂದರೆ ಕೊರೊನಾದಲ್ಲಿ ಹೊರದೇಶದಲ್ಲಿ ಸಿಕ್ಕಿಬಿದ್ದವರನ್ನು ಸರ್ಕಾರ ಕರೆತಂದ ವಿಮಾನ, ಬಂದಿಳಿಯಿತು. ಆಮೇಲೆ ಸಾಲಾಗಿ ಬಂದವು. ಅಂದರೆ ಯೋಚನೆ ಮಾಡಿ ನೋಡಿ. ಒಂದೇ ಕರಾವಳಿ, ಒಂದೇ ಋತು. ಅತ್ತ ಹಡಗಿನಿಂದ ಎಣ್ಣೆ ಇಳಿಯಿತು. ಇತ್ತ ವಿಮಾನದಿಂದ ಎಣ್ಣೆಯ ಕೆಲಸ ಕಳಕೊಂಡವರು ಇಳಿದರು. ಬೆಲೆ ಬಿದ್ದಾಗ ಎಣ್ಣೆಯನ್ನು ಎಲ್ಲಿಡಬೇಕು ಅಂತ ಎಷ್ಟೋ ವರ್ಷ ಮೊದಲೇ ಯಾರೋ ಕೂತು ಲೆಕ್ಕ ಹಾಕಿ ಬಂಡೆ ಕೊರೆಸಿದ್ದರು. ಬೆಲೆ ಬಿದ್ದಾಗ ನಮ್ಮನ್ನು ಏನು ಮಾಡಬೇಕು ಅಂತ ಯಾರೂ ಲೆಕ್ಕ ಹಾಕಿರಲಿಲ್ಲ.

ಗುಹೆಯಷ್ಟು ದೊಡ್ಡದನ್ನು ನಾನು ಕೇಳುತ್ತಿಲ್ಲ. ಕೇಳುವುದು ಏನು ಅಂತ ಹೇಳುವ ಮುಂಚೆ ಆ ಅರ್ಧ ಗಂಟೆ ಹೇಗಿತ್ತು ಅಂತ ಹೇಳಬೇಕು.

ಸೈಟಿನ ಗೇಟ್ ಪಕ್ಕದಲ್ಲಿ ಒಂದು ಪೋರ್ಟಾ ಕ್ಯಾಬಿನ್. ಹೊರಗೆ 45 ಡಿಗ್ರಿ, ಒಳಗೆ ಏಸಿ ಹೊಡೆತಕ್ಕೆ ಮೈ ನಡುಗುವ ಚಳಿ. ಎಚ್‌ಆರ್‌ನವನು ಮಾಸ್ಕ್ ಹಾಕಿಕೊಂಡು ಕೂತಿದ್ದ. ಎದುರಿಗೆ ಪ್ಲಾಸ್ಟಿಕ್ ಶೀಟ್ ಕಟ್ಟಿದ್ದರು. ಅದರ ಕೆಳಗಿನ ಸಂದಿಯಿಂದ ಎರಡು ಹಾಳೆ ತಳ್ಳಿದ. ಎಡಕ್ಕೆ ಇಂಗ್ಲಿಷ್, ಬಲಕ್ಕೆ ಅರಬಿ. ಕೊನೆಯ ಸಾಲು ನನಗೆ ಈಗಲೂ ಬಾಯಿಪಾಠ. ನನಗೆ ಬರಬೇಕಾದ ಎಲ್ಲ ಬಾಕಿಯೂ ಸಂದಿದೆ, ಇನ್ನು ಮುಂದೆ ಕಂಪನಿಯ ಮೇಲೆ ಯಾವ ಹಕ್ಕೂ ಇಲ್ಲ ಅಂತ. ದುಡ್ಡು ಇನ್ನೂ ಬಂದಿರಲಿಲ್ಲ. ಸಹಿ ಹಾಕಿದ ಮೇಲೆ ಬರುತ್ತದೆ ಅಂದ.

"ಸ್ವಲ್ಪ ಓದಿ ನೋಡಿ ನಾಳೆ ಕೊಡ್ತೇನೆ" ಅಂದೆ.

"ನಾಳೆ ಬೇರೆ 40 ಜನ ಇದ್ದಾರೆ. ಫ್ಲೈಟ್ ಲಿಸ್ಟಿಗೆ ಇವತ್ತೇ ಹೆಸರು ಹೋಗ್ಬೇಕು. ತಪ್ಪಿದ್ರೆ ಯಾವಾಗ ಅಂತ ನನ್ನನ್ನು ಕೇಳ್ಬೇಡ" ಅಂದ. ಅವನೂ ಕೆಟ್ಟವನಲ್ಲ. ಕೇರಳದವನು. ಮುಂದಿನ ತಿಂಗಳು ಅವನದ್ದೇ ಹೆಸರು ಆ ಪಟ್ಟಿಯಲ್ಲಿ ಇತ್ತು ಅಂತ ಆಮೇಲೆ ಗೊತ್ತಾಯಿತು.

ನಾನು 17 ವರ್ಷ ಏನು ಕೆಲಸ ಮಾಡಿದೆ ಅಂತ ಹೇಳುತ್ತೇನೆ ಕೇಳಿ. ಒಂದು ಫ್ಲ್ಯಾಂಜ್, ಅಂದರೆ ಎರಡು ಪೈಪ್‌ಗಳನ್ನು ಬೋಲ್ಟ್ ಹಾಕಿ ಸೇರಿಸಿದ ಜಾಗ, ಬಿಚ್ಚಬೇಕಾದರೆ ಮೊದಲು ಪರ್ಮಿಟ್, ಅಂದರೆ ಕೆಲಸಕ್ಕೆ ಕೊಟ್ಟ ಅನುಮತಿ ಚೀಟಿ, ನೋಡಬೇಕು. ಲೈನ್ ಖಾಲಿ ಆಗಿದೆಯಾ, ಒತ್ತಡ ಇಳಿದಿದೆಯಾ, ಪೈಪ್ ಮುಚ್ಚುವ ತಟ್ಟೆ, ಬ್ಲೈಂಡ್, ಎಲ್ಲೆಲ್ಲಿ ಹಾಕಿದ್ದಾರೆ, ಪಟ್ಟಿ ಹಿಡಿದು ಒಂದೊಂದೇ ಟ್ಯಾಗ್ ಮುಟ್ಟಿ ನೋಡಬೇಕು. ಎದೆಯ ಮೇಲಿನ ಗ್ಯಾಸ್ ಮಾನಿಟರ್ ಸರಿ ಇದೆಯಾ ನೋಡಬೇಕು. ಬೋಲ್ಟ್ ಸಡಿಲ ಮಾಡುವಾಗಲೂ ನಮ್ಮಿಂದ ದೂರದ ಬೋಲ್ಟ್ ಮೊದಲು. ಒಳಗೆ ಏನಾದರೂ ಉಳಿದಿದ್ದರೆ ಅದು ಆ ಕಡೆ ಚಿಮ್ಮಲಿ, ಮುಖಕ್ಕೆ ಬೇಡ ಅಂತ. ಒಂದು ಬೋಲ್ಟಿಗೆ ಇಷ್ಟು ನೋಡಿ ಕೈ ಹಾಕುತ್ತಿದ್ದವನು, 17 ವರ್ಷದ ಲೆಕ್ಕಕ್ಕೆ ನೋಡದೆ ಸಹಿ ಹಾಕಿಬಿಟ್ಟೆ.

ಊರಿಗೆ ಬಂದು ಕ್ವಾರಂಟೈನ್‌ನಲ್ಲಿ ಲಾಡ್ಜ್ ರೂಮಿನಲ್ಲಿ ಸುಮ್ನೆ ಕೂತಿದ್ದಾಗ ಮೊಬೈಲಿನಲ್ಲಿ ಸೌದಿಯ ಕಾರ್ಮಿಕ ಕಾನೂನು ಓದಿದೆ. ಕೆಲಸ ಮುಗಿದಾಗ ಕಂಪನಿ ಕೊಡಬೇಕಾದ ಸೇವೆಯ ಹಣದ ಲೆಕ್ಕ ಅದರ 84ನೇ ಕಲಂನಲ್ಲಿದೆ. ಮೊದಲ 5 ವರ್ಷದ ಪ್ರತಿ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ ಒಂದು ತಿಂಗಳ ಸಂಬಳ, ಎಲ್ಲವೂ ಕೊನೆಯ ಸಂಬಳದ ಮೇಲೆ. ಸಂಬಳ ಅಂದರೆ ಬರೀ ಬೇಸಿಕ್ ಅಲ್ಲ, ಪ್ರತಿ ತಿಂಗಳು ತಪ್ಪದೆ ಬರುವ ಮನೆ ಬಾಡಿಗೆ ಭತ್ಯೆಯಂಥದ್ದೂ ಸೇರುತ್ತದೆ. ನನ್ನ ಬೇಸಿಕ್ 4,000 ರಿಯಾಲ್. ಭತ್ಯೆ ಸೇರಿ 5,400. ಅವರು ಕೊಟ್ಟದ್ದು 4,000ದ ಮೇಲೆ, 58,000 ರಿಯಾಲ್. 5,400ರ ಮೇಲೆ ಹಾಕಿದ್ದರೆ 78,300 ಆಗುತ್ತಿತ್ತು. 20,300 ರಿಯಾಲ್ ವ್ಯತ್ಯಾಸ. ಆಗ ಒಂದು ರಿಯಾಲಿಗೆ ಸುಮಾರು 20 ರೂಪಾಯಿ. 4 ಲಕ್ಷಕ್ಕೂ ಮೇಲೆ. ಲಾಡ್ಜಿನ ಬಿಲ್ಲಿನ ಹಿಂಬದಿಯಲ್ಲಿ ಮೂರು ಸಲ ಗುಣಿಸಿ ನೋಡಿದೆ. ಮೂರು ಸಲವೂ ಅಷ್ಟೇ ಬಂತು.

ನನ್ನದಾದರೂ ಪರವಾಗಿಲ್ಲ. ನನ್ನ ಜೊತೆ ಸ್ಕ್ಯಾಫೋಲ್ಡಿಂಗ್‌ನಲ್ಲಿ ರಾಯಚೂರು ಕಡೆಯ ಒಬ್ಬ ಹುಡುಗ ಇದ್ದ. ನಾಲ್ಕು ವರ್ಷ ಸರ್ವಿಸ್, 1,800 ರಿಯಾಲ್ ಸಂಬಳ. ಅವನ ಹಾಳೆಯಲ್ಲಿ ಕಂಪನಿ ತೆಗೆದದ್ದು ಅಂತ ಇರಲಿಲ್ಲ, ಅವನೇ ರಾಜೀನಾಮೆ ಕೊಟ್ಟದ್ದು ಅಂತ ಇತ್ತು. "ಹಾಗೆ ಬರೆದ್ರೆ ಪೇಪರ್ ಬೇಗ ಆಗತ್ತೆ" ಅಂತ ಹೇಳಿದ್ದರಂತೆ. ಕಂಪನಿಯೇ ತೆಗೆದರೆ ನಾಲ್ಕು ವರ್ಷಕ್ಕೆ 3,600 ರಿಯಾಲ್. ತಾನಾಗಿ ಬಿಟ್ಟರೆ ಎರಡರಿಂದ ಐದು ವರ್ಷದ ಸರ್ವಿಸಿಗೆ ಮೂರನೇ ಒಂದು ಭಾಗ ಮಾತ್ರ, 1,200. ಒಂದೇ ಒಂದು ಪದಕ್ಕೆ 2,400 ರಿಯಾಲ್ ಹೋಯಿತು, ಅಂದರೆ 48,000 ರೂಪಾಯಿ. ಸಾಲದ್ದಕ್ಕೆ ವಿಮಾನದ ಟಿಕೆಟ್ಟೂ ಅವನ ತಲೆಗೇ ಬಂತು. ಕಂಪನಿ ತೆಗೆದರೆ ಟಿಕೆಟ್ ಕಂಪನಿಯದ್ದು, ಸರಿಯಾದ ಕಾರಣ ಇಲ್ಲದೆ ತಾನೇ ಬಿಟ್ಟು ಹೊರಟರೆ ಟಿಕೆಟ್ ಕೆಲಸಗಾರನದ್ದು. ಆ ಹುಡುಗನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಕನ್ನಡ ಚೆನ್ನಾಗಿ ಓದುತ್ತಿದ್ದ. ಕನ್ನಡದಲ್ಲಿ ಎರಡು ಸಾಲು ಯಾರಾದರೂ ಕಳಿಸಿದ್ದರೆ ಸಾಕಿತ್ತು, ಅಲ್ವಾ?

ದೇಶಕ್ಕೊಂದು ಲೆಕ್ಕ ಇದೆ. ಯುಎಇಯಲ್ಲಿ ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲೆ 30 ದಿನದ್ದು, ಒಟ್ಟು ಎರಡು ವರ್ಷದ ಸಂಬಳ ದಾಟುವ ಹಾಗಿಲ್ಲ. ಅಲ್ಲಿ 2022ರ ಫೆಬ್ರವರಿಯಲ್ಲಿ ಹೊಸ ಕಾನೂನು ಬಂದ ಮೇಲೆ ರಾಜೀನಾಮೆ ಕೊಟ್ಟರೂ ಈ ದುಡ್ಡಿನಲ್ಲಿ ಕಡಿತ ಇಲ್ಲ. ಕುವೈತ್‌ನಲ್ಲಿ ಮೊದಲ 5 ವರ್ಷಕ್ಕೆ 15 ದಿನದ್ದು, ಆಮೇಲೆ ಒಂದು ತಿಂಗಳದ್ದು. ಎಣ್ಣೆ ಕೆಲಸಗಾರರಿಗೆ ಅಂತ ಅಲ್ಲಿ 1969ರ ಬೇರೆ ಕಾನೂನೇ ಇದೆ. ಕುವೈತ್‌ನಿಂದ ಬಂದವನ ಮಾತು ಕೇಳಿ ಸೌದಿಯವನು ಲೆಕ್ಕ ಹಾಕಿದರೆ ತಪ್ಪುತ್ತದೆ. ನಮ್ಮಲ್ಲಿ ಆಗುವುದು ಅದೇ. ರೂಮಿನಲ್ಲಿ ಎಂಟು ಜನ ಇರುತ್ತಾರೆ, ಎಂಟು ಜನರದ್ದೂ ಒಂದೊಂದು ಕಾನೂನು. ಕೊನೆಗೆ ಹಿರಿಯವನೊಬ್ಬ "ಖಲ್ಲಿವಲ್ಲಿ, ಸಹಿ ಹಾಕಿ ಹೊರಡು ಮಾರಾಯಾ" ಅನ್ನುತ್ತಾನೆ. ಖಲ್ಲಿವಲ್ಲಿ ಅಂದರೆ ಗಲ್ಫಿನ ಮಾತಿನಲ್ಲಿ 'ಬಿಟ್ಟಾಕು' ಅಂತ. ನಾನೂ ಎಷ್ಟೋ ಹುಡುಗರಿಗೆ ಹಾಗೇ ಹೇಳಿದ್ದೇನೆ. 2016ರಲ್ಲಿ ಎಣ್ಣೆ 30 ಡಾಲರ್‌ಗಿಂತ ಕೆಳಗೆ ಬಿದ್ದಿದ್ದಾಗ ನಮ್ಮ ಸೈಟಿನಿಂದ ಹೋದವರಿಗೆಲ್ಲ ನನ್ನ ಬುದ್ಧಿಮಾತು ಇದೇ ಆಗಿತ್ತು. ಅದು ಈಗ ಚುಚ್ಚುತ್ತದೆ.

ಸಹಿ ಹಾಕಿದ ಮೇಲೂ ಕೇಳಬಹುದಿತ್ತಲ್ಲ ಅಂತ ನಿಮ್ಮ ಅಧಿಕಾರಿಗಳು ಕೇಳಬಹುದು. ಕೇಳಬಹುದು. ಕೆಲಸ ಮುಗಿದು 12 ತಿಂಗಳ ಒಳಗೆ ದೂರು ಕೊಡಲು ಸೌದಿಯಲ್ಲಿ ಅವಕಾಶ ಇದೆ. ಆದರೆ ಫೈನಲ್ ಎಕ್ಸಿಟ್, ಅಂದರೆ ಖಾಯಂ ಆಗಿ ದೇಶ ಬಿಡುವ ವೀಸಾ, ಹೊಡೆಸಿಕೊಂಡು ಬಂದವನು ಮತ್ತೆ ಅಲ್ಲಿಗೆ ಹೋಗುವುದು ಹೇಗೆ? ಯಾರಿಗೋ ವಕಾಲತ್ತು ಬರೆದುಕೊಡಬೇಕು, ರಾಯಭಾರ ಕಚೇರಿಯ ದಾರಿ ಹಿಡಿಯಬೇಕು, ಅರಬಿಯಲ್ಲಿ ಕಾಗದ ಮಾಡಿಸಬೇಕು. 'ಎಲ್ಲ ಬಾಕಿಯೂ ಸಂದಿದೆ' ಅನ್ನುವ ಹಾಳೆಯಲ್ಲಿ ನಮ್ಮದೇ ಸಹಿ ಇರುತ್ತದೆ. ನನ್ನ 12 ತಿಂಗಳು ಲಾಕ್‌ಡೌನ್‌ನಲ್ಲಿ, ಅಮ್ಮನ ಕಾಯಿಲೆಯಲ್ಲಿ ಕಳೆದುಹೋಯಿತು. ಆದ್ದರಿಂದ ನಾನು ಹೇಳುವುದು, ಸಹಾಯ ಬೇಕಾದದ್ದು ಮಂಗಳೂರಿನಲ್ಲಿ ಇಳಿದ ಮೇಲೆ ಅಲ್ಲ. ಆ ಪೋರ್ಟಾ ಕ್ಯಾಬಿನ್‌ನ ಬಾಗಿಲಲ್ಲಿ. ಸಹಿ ಹಾಕುವ ಮುಂಚೆ.

ಇನ್ನೊಂದು ವಿಷಯ. ನಮ್ಮನ್ನು ತೆಗೆದದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ. ದೊಡ್ಡ ಎಣ್ಣೆ ಕಂಪನಿ ಪ್ರಾಜೆಕ್ಟ್ ಮುಂದೂಡುತ್ತದೆ. ಶಟ್‌ಡೌನ್, ಅಂದರೆ ಪ್ಲ್ಯಾಂಟ್ ನಿಲ್ಲಿಸಿ ರಿಪೇರಿ ಮಾಡುವ ಸೀಸನ್, ಅದನ್ನು ಮುಂದಿನ ವರ್ಷಕ್ಕೆ ತಳ್ಳುತ್ತದೆ. ಕಂಟ್ರಾಕ್ಟರ್‌ಗೆ ಇಷ್ಟು ಜನರನ್ನು ಡೆಮೊಬ್ ಮಾಡಿ, ಅಂದರೆ ಸೈಟಿನಿಂದ ವಾಪಸ್ ಕಳಿಸಿ ಅಂತ ಒಂದು ಇಮೇಲ್ ಹೋಗುತ್ತದೆ. ಅವನು ಸಬ್ ಕಂಟ್ರಾಕ್ಟರ್‌ಗೆ ಹೇಳುತ್ತಾನೆ. ಅವನು ಮ್ಯಾನ್‌ಪವರ್ ಸಪ್ಲೈಯವನಿಗೆ ಹೇಳುತ್ತಾನೆ. ಕೊನೆಗೆ ಕ್ಯಾಂಪಿನ ಗೋಡೆಯ ಮೇಲೆ ಹೆಸರಿನ ಪಟ್ಟಿ ಅಂಟುತ್ತದೆ. ಮೇಲಿನವನು ಯಾರನ್ನೂ ಕೆಲಸದಿಂದ ತೆಗೆದಿಲ್ಲ, ಕೆಳಗಿನವನಿಗೆ ಕೊಡಲು ಕೆಲಸ ಇಲ್ಲ. ಶಟ್‌ಡೌನ್ ಅಂದರೆ ನಮಗೆ ಹಬ್ಬವಾಗಿತ್ತು, ಗೊತ್ತುಂಟಾ? ದಿನಕ್ಕೆ 12 ಗಂಟೆ, ಮೇಲೆ ಓವರ್‌ಟೈಮ್. ತಂಗಿಯ ಮದುವೆ ಒಂದು ಶಟ್‌ಡೌನ್‌ನಲ್ಲಿ ಆಯಿತು, ಮನೆಯ ತಾರಸಿ ಇನ್ನೊಂದರಲ್ಲಿ.

ನನ್ನ ಭಾವನ ಕಥೆ ಇದಕ್ಕೆ ತದ್ವಿರುದ್ಧ. ಅವರು ಮುಂಬೈಯ ಮಾಹುಲ್‌ನಲ್ಲಿ ಭಾರತ್ ಪೆಟ್ರೋಲಿಯಂ ರಿಫೈನರಿಯಲ್ಲಿದ್ದರು. ನಾನು ಬಂದ ಮುಂದಿನ ತಿಂಗಳೇ, 2020ರ ಜುಲೈ 23ಕ್ಕೆ, ಅವರ ಕಂಪನಿಯಲ್ಲಿ ಸ್ವಯಂ ನಿವೃತ್ತಿ ಯೋಜನೆ ಬಂತು. ಕಂಪನಿಯನ್ನು ಖಾಸಗಿಯವರಿಗೆ ಮಾರುವ ತಯಾರಿ ನಡೆದಿತ್ತು. 45 ವರ್ಷ ದಾಟಿದವರು ಬೇಕಾದರೆ ಹೊರಡಬಹುದು. ಪ್ರತಿ ವರ್ಷದ ಸೇವೆಗೆ ಎರಡು ತಿಂಗಳ ಸಂಬಳ, ಅಥವಾ ನಿವೃತ್ತಿಗೆ ಉಳಿದಿರುವ ತಿಂಗಳುಗಳ ಸಂಬಳ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಆಗಸ್ಟ್ 13ರವರೆಗೆ ಯೋಚನೆ ಮಾಡಲು ಸಮಯ. ಭಾವನಿಗೆ 54 ವರ್ಷ, ಸೇವೆ 26 ವರ್ಷ. ಮೂರು ವಾರ ಅವರು ಬೇರೇನೂ ಮಾಡಲಿಲ್ಲ. ದಿನಾ ರಾತ್ರಿ ಫೋನ್. 26ಕ್ಕೆ ಎರಡರಂತೆ 52 ತಿಂಗಳು, ಉಳಿದ ಸೇವೆ 72 ತಿಂಗಳು, ಹಾಗಾಗಿ 52. ಪಿಎಫ್ ಎಷ್ಟು, ಗ್ರಾಚ್ಯುಟಿ ಎಷ್ಟು, ಪರಿಹಾರದಲ್ಲಿ 5 ಲಕ್ಷಕ್ಕೆ ತೆರಿಗೆ ಇಲ್ಲ, ಉಳಿದದ್ದಕ್ಕೆ ಎಷ್ಟು. ಅಕ್ಕ ಒಂದು ದಿನ ಫೋನ್ ಕಿತ್ತುಕೊಂಡು "ಇವ್ರಿಗೆ ಸ್ವಲ್ಪ ಹೇಳು ಮಾರಾಯಾ, ನಿದ್ದೆಯಲ್ಲೂ 52 ಅಂತಾರೆ" ಅಂದಳು.

ಕೊನೆಗೆ ಭಾವ ತಗೊಂಡರು. 2022ರ ಮೇನಲ್ಲಿ ಸರ್ಕಾರ ಆ ಮಾರಾಟವನ್ನೇ ಕೈಬಿಟ್ಟಿತು. "ಮಾರೋದಿಲ್ಲ ಅಂತ ಮೊದ್ಲೇ ಗೊತ್ತಿದ್ರೆ ಕೂತಿರ್ತಿದ್ದೆ" ಅಂತ ಈಗಲೂ ಆಗಾಗ ಗೊಣಗುತ್ತಾರೆ. ಅವರಿಗೆ ಬೇಸರ ಇರಬಹುದು. ಆದರೆ ನನಗೆ ಹೊಟ್ಟೆಕಿಚ್ಚಾದದ್ದು 52 ತಿಂಗಳ ಸಂಬಳಕ್ಕಲ್ಲ, ನಿಜವಾಗಿ ಹೇಳುತ್ತೇನೆ. ಆ ಮೂರು ವಾರಕ್ಕೆ. ಲಿಖಿತ ನಿಯಮ, ಕೇಳಿದರೆ ಉತ್ತರ ಹೇಳುವ ಆಫೀಸು, ಹೆಂಡತಿ ಜೊತೆ ಜಗಳ ಮಾಡಲು ಪುರುಸೊತ್ತು. ನನಗೆ ಸಿಕ್ಕಿದ್ದು ಅರ್ಧ ಗಂಟೆ ಮತ್ತು ಒಂದು ಪೆನ್ನು. ಆ ಪೆನ್ನಿನ ತುದಿಗೆ ದಾರ ಕಟ್ಟಿ ಮೇಜಿಗೆ ಬಿಗಿದಿದ್ದರು. ಯಾರೂ ಕದ್ದುಕೊಂಡು ಹೋಗದ ಹಾಗೆ.

ಊರಿಗೆ ಬಂದ ಮೇಲಿನದ್ದು ಹೆಚ್ಚು ಬರೆಯುವುದಿಲ್ಲ, ನಮ್ಮ ಕಡೆಯವರಿಗೆ ಅದು ಗೊತ್ತಿರುವುದೇ. ಗಲ್ಫ್‌ನಿಂದ ಬಂದವನಿಗೆ ಕೇಳುವ ಪ್ರಶ್ನೆ ಎರಡೇ. "ಯಾವಾಗ ಬಂದದ್ದು?" "ಯಾವಾಗ ಹೋಗೋದು?" ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದಕ್ಕೆ ನಾನು ಎಂಟು ತಿಂಗಳು ಸುಳ್ಳು ಹೇಳಿದೆ. ವೀಸಾ ಬರಬೇಕು, ವಿಮಾನ ಶುರು ಆಗಬೇಕು, ಲಸಿಕೆ ಆಗಬೇಕು ಅಂತ. ದೇವಸ್ಥಾನದ ಬ್ರಹ್ಮಕಲಶದ ರಶೀದಿ ಪುಸ್ತಕ ಹಿಡಿದು ಬಂದವರಿಗೆ ಹಿಂದಿನ ಸಲದಷ್ಟೇ ಬರೆಸಿದೆ. ಒಳಗೆ ಹೆಂಡತಿ ಪಾತ್ರೆ ಸ್ವಲ್ಪ ಜೋರಾಗಿಯೇ ಇಟ್ಟಳು. ನಮ್ಮಂಥವರಿಗೆ ಪಿಂಚಣಿ ಇಲ್ಲ, ಪಿಎಫ್ ಇಲ್ಲ. ಹೊರಡುವಾಗ ಕೆಲವರ ಪಾಸ್‌ಪೋರ್ಟಿಗೆ ಕಡ್ಡಾಯವಾಗಿ ಮಾಡಿಸುವ ಪ್ರವಾಸಿ ಭಾರತೀಯ ಬಿಮಾ ಯೋಜನೆ ಇದೆ. ಸತ್ತರೆ, ಅಂಗ ಊನವಾದರೆ 10 ಲಕ್ಷ. ಕೆಲಸ ಹೋದರೆ, ಹೋದ ಸಂಬಳಕ್ಕೆ ಅದರಲ್ಲಿ ಪರಿಹಾರ ಇಲ್ಲ. ಖಾಯಂ ಆಗಿ ಬಂದ ಮೇಲೆ ಅನಿವಾಸಿಗಳ ಬ್ಯಾಂಕ್ ಖಾತೆಯಾದ ಎನ್‌ಆರ್‌ಇ ಖಾತೆಯನ್ನು ಇಲ್ಲಿನ ಸಾಮಾನ್ಯ ಖಾತೆಯಾಗಿ ಬದಲಾಯಿಸಬೇಕು, ಆಮೇಲೆ ಬಡ್ಡಿಗೆ ತೆರಿಗೆ ಲೆಕ್ಕ ಶುರುವಾಗುತ್ತದೆ ಅನ್ನುವುದೂ ನನಗೆ ಗೊತ್ತಾದದ್ದು ಒಂದು ವರ್ಷ ಕಳೆದ ಮೇಲೆ. ಅದೂ ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ಪಕ್ಕದಲ್ಲಿ ಕೂತ ಬ್ಯಾಂಕಿನವರೊಬ್ಬರಿಂದ.

ಕೆಲಸ ಹುಡುಕಿದೆ. ಊರ ಹತ್ತಿರದ ಒಂದು ಘಟಕದಲ್ಲಿ ಶಟ್‌ಡೌನ್ ಇತ್ತು. ಕಂಟ್ರಾಕ್ಟರ್ ಆಫೀಸಿಗೆ ಹೋದೆ. ಹುಡುಗ ಒಬ್ಬ ಕಂಪ್ಯೂಟರ್ ಮುಂದೆ ಕೂತು "ಸರ್ಟಿಫಿಕೇಟ್ ಉಂಟಾ ಅಂಕಲ್?" ಅಂದ. ನನ್ನ ಹತ್ತಿರ ಇದ್ದದ್ದು ಕಂಪನಿಯ ಹಳೇ ಬ್ಯಾಡ್ಜ್‌ಗಳು, ಸೇಫ್ಟಿ ಟ್ರೇನಿಂಗಿನ ಅವಧಿ ಮುಗಿದ ಕಾರ್ಡುಗಳು. ಅನುಭವ ಪತ್ರ ತಂದಿರಲಿಲ್ಲ. ಕೇಳಿದರೆ ಬಿಟ್ಟಿಯಾಗಿ ಅನುಭವ ಪತ್ರ ಕೊಡಲೇಬೇಕು ಅಂತ ಸೌದಿ ಕಾನೂನಿನ 64ನೇ ಕಲಂನಲ್ಲಿ ಇದೆ. ನಾನು ಕೇಳಲಿಲ್ಲ, ಅವರು ಕೊಡಲಿಲ್ಲ. ಕೊನೆಗೆ ಫಿಟ್ಟರ್ ಹೆಲ್ಪರ್ ಅಂತ ಗೇಟ್ ಪಾಸ್ ಮಾಡಿದರು. ನಾನು 60 ಜನರ ಗ್ಯಾಂಗ್ ನೋಡಿಕೊಂಡವನು. ಹೋದೆ. 22 ದಿನ ಕೆಲಸ ಮಾಡಿದೆ. ಮೂರನೇ ದಿನ ಅಲ್ಲಿನ ಇಂಜಿನಿಯರ್ ನಾನು ಬೋಲ್ಟ್ ಬಿಚ್ಚುವುದನ್ನು ನಿಂತು ನೋಡಿದರು. "ನೀವು ಎಲ್ಲಿದ್ದವರು?" ಅಂತ ಕೇಳಿದರು. ಅವತ್ತಿನಿಂದ ಪರ್ಮಿಟ್ ಪುಸ್ತಕ ನನ್ನ ಕೈಯಲ್ಲಿ. ಕೂಲಿ ಮಾತ್ರ ಹೆಲ್ಪರ್‌ದೇ.

ಕೇರಳದ ಮಾತು ಬಂದರೆ ನಮ್ಮವರಿಗೆ ಸಿಟ್ಟು ಬರುತ್ತದೆ, ಆದರೂ ಹೇಳಲೇಬೇಕು. ಅಲ್ಲಿ 1996ರಲ್ಲೇ ಅನಿವಾಸಿಗಳಿಗೆ ಅಂತ ಒಂದು ಇಲಾಖೆಯನ್ನೇ ಮಾಡಿದರು, ನೋರ್ಕಾ. ಎರಡು ವರ್ಷ ಹೊರದೇಶದಲ್ಲಿ ದುಡಿದು ವಾಪಸ್ ಬಂದವನು ಅಂಗಡಿಯೋ ವರ್ಕ್‌ಶಾಪೋ ಹಾಕುವುದಾದರೆ 30 ಲಕ್ಷದವರೆಗಿನ ಯೋಜನೆಗೆ ಸಾಲ ಕೊಡಿಸುತ್ತಾರೆ. ಬಂಡವಾಳದಲ್ಲಿ 15 ಶೇಕಡಾ, 3 ಲಕ್ಷ ಮೀರದಂತೆ, ಸಬ್ಸಿಡಿ. ನಾಲ್ಕು ವರ್ಷ ಬಡ್ಡಿಯಲ್ಲೂ 3 ಶೇಕಡಾ ರಿಯಾಯಿತಿ. ಪ್ರವಾಸಿಗಳ ಕಲ್ಯಾಣ ಮಂಡಳಿ ಬೇರೆ, ಅದರಲ್ಲಿ ಪಿಂಚಣಿಯೂ ಇದೆ. ಎಲ್ಲ ಸರಿಯಾಗಿ ನಡೆಯುತ್ತದೆ ಅಂತ ಮಲಯಾಳಿಗಳೇ ಹೇಳುವುದಿಲ್ಲ. ಆದರೆ ಕ್ಯಾಂಪಿನಲ್ಲಿ ಪಟ್ಟಿ ಅಂಟಿದ ದಿನ ಅವರಿಗೆ ಫೋನ್ ಮಾಡಲು ಒಂದು ಜಾಗ ಇತ್ತು. ನಾವು ಅವರ ಹಿಂದೆ ನಿಂತು "ಚೇಟ್ಟಾ, ನಮ್ದೂ ಒಂದು ಕೇಳಿ" ಅನ್ನುತ್ತಿದ್ದೆವು.

ಈಗ ನನ್ನ ಬೇಡಿಕೆ. ಒಂದು ಫೋನ್ ನಂಬರ್. ಭಾನುವಾರವೂ ಎತ್ತಬೇಕು, ಯಾಕೆಂದರೆ ಸೌದಿಯಲ್ಲಿ ಭಾನುವಾರ ಕೆಲಸದ ದಿನ, ರಜೆ ಶುಕ್ರವಾರ ಶನಿವಾರ. ಎತ್ತುವವರಿಗೆ ಕನ್ನಡ ಬರಬೇಕು, ತುಳು, ಬ್ಯಾರಿ, ಉರ್ದು ಬರುವವರೂ ಇರಬೇಕು. ದೊಡ್ಡ ಕಟ್ಟಡ ಬೇಡ, ಉದ್ಘಾಟನೆ ಬೇಡ. ಪ್ರತಿ ದೇಶದ ಲೆಕ್ಕ ಗೊತ್ತಿರುವ ನಾಲ್ಕೈದು ಜನ, ಒಂದೊಂದು ಕ್ಯಾಲ್ಕುಲೇಟರ್. ಹುಡುಗ ತನ್ನ ಹಾಳೆಯ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿದರೆ ಎರಡು ಗಂಟೆಯೊಳಗೆ ಉತ್ತರ. "ಇದು ಸರಿ ಇದೆ, ಹಾಕು." ಅಥವಾ "ಇದರಲ್ಲಿ ರಾಜೀನಾಮೆ ಅಂತ ಬರೆದಿದ್ದಾರೆ, ಹಾಕಬೇಡ, ಅನುಭವ ಪತ್ರ ಕೇಳು, ಟಿಕೆಟ್ ಅವರೇ ಕೊಡಬೇಕು." ಬೇಕಾದರೆ ನನ್ನಂಥವರನ್ನು ಕೂರಿಸಿ. ಕರಾವಳಿಯ ಊರೂರಲ್ಲಿ ಹಳೇ ಫೋರ್‌ಮನ್‌ಗಳು, ಕ್ಯಾಂಪ್ ಬಾಸ್‌ಗಳು, ಟೈಮ್‌ಕೀಪರ್‌ಗಳು ಖಾಲಿ ಕೂತಿದ್ದಾರೆ. ಸಂಬಳ ಜಾಸ್ತಿ ಕೇಳುವುದಿಲ್ಲ. ಮಾತಾಡಲು ಯಾರಾದರೂ ಸಿಕ್ಕರೆ ಸಾಕು ಅಂತ ಕಾಯುತ್ತಿದ್ದಾರೆ.

ಇದರ ಹಿಂದೆಯೇ ಇನ್ನೊಂದು. ಸಹಿ ಹಾಕಿಯೂ ಮೋಸ ಹೋದವರ ವಕಾಲತ್ತನ್ನು ಸರ್ಕಾರವೇ ಒಟ್ಟಾಗಿ ರಾಯಭಾರ ಕಚೇರಿಗೆ ಕಳಿಸಲಿ. ಸಂಕಷ್ಟದಲ್ಲಿರುವ ಭಾರತೀಯರಿಗೆ ಅಂತ 2009ರಿಂದ ರಾಯಭಾರ ಕಚೇರಿಗಳಲ್ಲಿ ಕಲ್ಯಾಣ ನಿಧಿ ಇದೆ, ಕಾನೂನು ನೆರವಿಗೂ ಅದನ್ನು ಬಳಸಬಹುದು. ಒಬ್ಬೊಬ್ಬನೇ ಕೇಳಿದರೆ ಆಗದ್ದು 200 ಜನರ ಪಟ್ಟಿ ಹಿಡಿದು ರಾಜ್ಯ ಸರ್ಕಾರ ಕೇಳಿದರೆ ಆಗುತ್ತದೆ. ಮತ್ತೆ ವಾಪಸ್ ಬಂದವರ ಕೆಲಸವನ್ನು ಒಂದು ಸರ್ಕಾರಿ ಐಟಿಐಯಲ್ಲಿ ಪರೀಕ್ಷೆ ಮಾಡಿ ಕಾಗದ ಕೊಡಿ. ಬರೆಯುವ ಪರೀಕ್ಷೆ ಬೇಡ. ಒಂದು ಫ್ಲ್ಯಾಂಜ್ ಮುಂದೆ ನಿಲ್ಲಿಸಿ, ಹತ್ತು ನಿಮಿಷ ನೋಡಿ, ಗೊತ್ತಾಗುತ್ತದೆ.

ಇದು ಹಳೇ ಕಥೆ, ಕೊರೊನಾ ಮುಗಿಯಿತಲ್ಲ ಅಂತ ಅನ್ನಬೇಡಿ. 2024ರ ಜನವರಿಯಲ್ಲಿ ಸೌದಿ ಸರ್ಕಾರ ತನ್ನ ಎಣ್ಣೆ ಸಾಮರ್ಥ್ಯವನ್ನು ದಿನಕ್ಕೆ 1.2 ಕೋಟಿ ಬ್ಯಾರೆಲ್‌ನಿಂದ 1.3 ಕೋಟಿಗೆ ಏರಿಸುವ ಯೋಜನೆ ನಿಲ್ಲಿಸಿತು. ಆಮೇಲೆ ಕಡಲಿನಲ್ಲಿ ಎಣ್ಣೆ ಬಾವಿ ಕೊರೆಯುವ ರಿಗ್‌ಗಳು ಒಂದೊಂದಾಗಿ ಕೆಲಸ ನಿಲ್ಲಿಸಿದವು. 2025ರ ಜನವರಿಯಲ್ಲಿ ಬ್ರಿಟನ್ನಿನ ಎಣ್ಣೆ ಕಂಪನಿ ಬಿಪಿ ತನ್ನ 4,700 ಜನರನ್ನೂ 3,000 ಕಂಟ್ರಾಕ್ಟ್‌ನವರನ್ನೂ ಕಡಿಮೆ ಮಾಡುತ್ತೇನೆ ಅಂದಿತು. ಫೆಬ್ರವರಿಯಲ್ಲಿ ಅಮೆರಿಕದ ಎಣ್ಣೆ ಕಂಪನಿ ಶೆವ್ರಾನ್ 2026ರ ಕೊನೆಯ ಒಳಗೆ ನೂರಕ್ಕೆ 15ರಿಂದ 20 ಜನರನ್ನು ಇಳಿಸುವುದಾಗಿ ಹೇಳಿತು. ಹ್ಯೂಸ್ಟನ್‌ನಲ್ಲಿರುವ ನಮ್ಮ ಕನ್ನಡದ ಇಂಜಿನಿಯರ್‌ಗಳಿಗೂ ನಿದ್ದೆ ಇಲ್ಲ. ಅಮೆರಿಕದ ಕೆಲಸದ ವೀಸಾ, ಎಚ್1ಬಿ, ಇರುವವನಿಗೆ ಕೆಲಸ ಹೋದರೆ ಇನ್ನೊಂದು ಹುಡುಕಲು ಹೆಚ್ಚೆಂದರೆ 60 ದಿನ. ಅದೇ ಶೆವ್ರಾನ್ 2024ರಲ್ಲಿ ಬೆಂಗಳೂರಿನಲ್ಲಿ 100 ಕೋಟಿ ಡಾಲರ್ ಹಾಕಿ ಇಂಜಿನಿಯರಿಂಗ್ ಕೇಂದ್ರ ಮಾಡುವುದಾಗಿ ಹೇಳಿದೆ. ಎಣ್ಣೆ ಕಂಪನಿಗಳ ದೊಡ್ಡವರು ವಿಧಾನಸೌಧಕ್ಕೆ ಬಂದು ನಿಮಗೆ ಶಾಲು ಹೊದಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ, ನೀವೂ ಹೊದಿಸುತ್ತೀರಿ. ಮುಂದಿನ ಸಲ ಬಂದಾಗ ಒಂದು ಮಾತು ಕೇಳಿ. ನಿಮ್ಮ ಕಂಟ್ರಾಕ್ಟರ್‌ನ ಕಂಟ್ರಾಕ್ಟರ್ ನಮ್ಮ ಹುಡುಗರ ಲೆಕ್ಕ ಹೇಗೆ ಮುಗಿಸುತ್ತಾನೆ ಅಂತ.

ಈ ಪತ್ರ ಈಗ ಬರೆಯಲು ನಿಜವಾದ ಕಾರಣ ನನ್ನ ದೊಡ್ಡಕ್ಕನ ಮಗ. ಅವನೂ ಜುಬೈಲಿನಲ್ಲೇ ಇದ್ದಾನೆ, ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್. ಆರು ವರ್ಷ ಆಯಿತು. ನಿನ್ನೆ ರಾತ್ರಿ ಫೋನ್ ಮಾಡಿ "ಮಾವ, ಪಟ್ಟಿಯಲ್ಲಿ ನನ್ನ ಹೆಸರುಂಟು, ಭಾನುವಾರ ಹತ್ತು ಗಂಟೆಗೆ ಆಫೀಸಿಗೆ ಬರ್ಲಿಕ್ಕೆ ಹೇಳಿದ್ದಾರೆ" ಅಂದ. ಯಾವುದಕ್ಕೂ ಸಹಿ ಹಾಕಬೇಡ, ಮೊದಲು ಫೋಟೋ ಕಳಿಸು ಅಂದೆ. ಆರು ವರ್ಷಕ್ಕೆ ಕಂಪನಿ ತೆಗೆದರೆ ಎಷ್ಟು, ರಾಜೀನಾಮೆ ಅಂತ ಬರೆಸಿಕೊಂಡರೆ ಎಷ್ಟು, ಎರಡನ್ನೂ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಅವನ ರೂಮಿನಲ್ಲಿ ಇನ್ನೂ ಐದು ಜನ ಇದ್ದಾರಂತೆ, ಒಬ್ಬ ಭಟ್ಕಳದವನು, ಇಬ್ಬರು ಕಲಬುರಗಿಯವರು. ಅವರ ಹೆಸರೂ ಅದೇ ಪಟ್ಟಿಯಲ್ಲಿ ಇದೆ. "ನಿಮ್ಮ ನಂಬರ್ ಅವ್ರಿಗೆಲ್ಲ ಕೊಡ್ಲಾ ಮಾವ?" ಅಂತ ಕೇಳಿದ.

ಕೊಡು ಅಂದಿದ್ದೇನೆ. ಭಾನುವಾರ ಬೆಳಿಗ್ಗೆ ಏಳರಿಂದ ನನ್ನ ಫೋನ್ ಆನ್ ಇರುತ್ತದೆ. ನಿಮ್ಮದು ಯಾವ ನಂಬರ್ ಅಂತ ತಿಳಿಸಿದರೆ ಅದನ್ನೂ ಕೊಡುತ್ತೇನೆ.

ಇಂತಿ,
ಜುಬೈಲಿನ ಹಳೇ ಪೈಪಿಂಗ್ ಫೋರ್‌ಮನ್,
ಶಿರ್ವ, ಉಡುಪಿ ಜಿಲ್ಲೆ